ಕುಡಿತ ಬಿಡಲು ನೆರವಾಗುವ ಸಭೆಗಳು: ಹುಡುಕುವುದು, ಹೋಗುವುದು, ಅಲ್ಲಿ ಉಳಿಯುವುದು

ಶಬರಿಮಲೆಗೆ ಮಾಲೆ ಹಾಕಿ ನಲವತ್ತೊಂದು ದಿನ ಒಂದು ಹನಿಯನ್ನೂ ಮುಟ್ಟದೆ ಇದ್ದು, ಮಾಲೆ ತೆಗೆದ ವಾರದೊಳಗೆ ಮೊದಲಿನಷ್ಟೇ ಕುಡಿಯತೊಡಗುವವರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಇಂಥವರಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಹೇಳುವುದು ತಪ್ಪು, ಏಕೆಂದರೆ ಮನಸ್ಸು ಗಟ್ಟಿಯಿಲ್ಲದವರು ನಲವತ್ತೊಂದು ದಿನ ವ್ರತ ನಡೆಸಲಾರರು. ವ್ರತದ ದಿನಗಳಲ್ಲಿ ಸಂಜೆಯ ಹೊತ್ತಿಗೆ ಭಜನೆಯಿರುತ್ತದೆ, ಜೊತೆಗೆ ಅದೇ ವ್ರತ ಹಿಡಿದ ಇತರ ಸ್ವಾಮಿಗಳಿರುತ್ತಾರೆ, ದಾರಿ ತೋರಿಸಲು ಗುರುಸ್ವಾಮಿ ಇರುತ್ತಾರೆ. ವ್ರತ ಮುಗಿದೊಡನೆ ಆ ಸಂಜೆ ಬರಿದಾಗುತ್ತದೆ, ಆ ಜೊತೆಯೂ ಚದುರಿಹೋಗುತ್ತದೆ. ಕುಡಿತ ಬಿಟ್ಟವರು ತಾವೇ ಸೇರಿ ನಡೆಸುವ ನೆರವಿನ ಸಭೆಗಳು ಕೊಡುವುದು ಮುಖ್ಯವಾಗಿ ಇದನ್ನೇ: ಅದೇ ಸಂಕಟವನ್ನು ಬಲ್ಲವರ ಜೊತೆಯನ್ನು, ಕುಡಿಯುವ ಹೊತ್ತಿನಲ್ಲಿ, ವರ್ಷದ ಯಾವ ತಿಂಗಳಲ್ಲಾದರೂ. ಅಂಥ ಸಭೆಯನ್ನು ಪತ್ತೆಹಚ್ಚುವುದು ಹೇಗೆ, ಮೊದಲ ದಿನ ಅಲ್ಲಿ ಏನಾಗುತ್ತದೆ, ಆಮೇಲೆ ಅದರಲ್ಲಿ ಉಳಿಯುವುದು ಹೇಗೆ ಎಂಬುದನ್ನು ಕರ್ನಾಟಕದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಸಭೆಗೂ ಮೊದಲು ವೈದ್ಯರು

ಈ ಹಂತವನ್ನು ಯಾರೂ ದಾಟಿ ಹೋಗಬಾರದು. ದಿನವೂ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲೆಂದು ಒಂದು ನೈಂಟಿ ಹಾಕಿಕೊಳ್ಳುವವರು, ಒಂದೇ ದಿನದಲ್ಲಿ ತಾವಾಗಿಯೇ ಪೂರ್ತಿ ನಿಲ್ಲಿಸುವುದು ಜೀವಕ್ಕೆ ಅಪಾಯ. ಕೊನೆಯ ಕುಡಿತದ ನಂತರ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತವೆ. ಸಾಮಾನ್ಯವಾಗಿ 6ರಿಂದ 48 ಗಂಟೆಗಳ ಒಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದಂಥ ಭ್ರಾಂತಿ ಹುಟ್ಟಿ, ಇಲ್ಲದ ಆಕೃತಿಗಳು ಕಾಣಿಸತೊಡಗುತ್ತವೆ, ಜ್ವರ ಏರುತ್ತದೆ. ಇದನ್ನು ಮನೆಯಲ್ಲಿ ಗಾಳಿ, ದೆವ್ವ ಎಂದುಕೊಂಡು ಸಮಯ ಕಳೆಯದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ನಡುಕವನ್ನು ಹಂತಹಂತವಾಗಿ ಇಳಿಸುವ ಮಾತ್ರೆಗಳನ್ನೂ ವಿಟಮಿನ್ ಬಿ-1 ಅನ್ನೂ ಕೊಡುತ್ತಾರೆ, ಮತ್ತು ಹೆಚ್ಚಿನವರಿಗೆ ದೇಹದ ಈ ಘಟ್ಟ ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯ ಬಳಿ ಕೇಳಿದರೆ ಸಾಕು. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಶುಲ್ಕವಿಲ್ಲ.

ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಮಾತ್ರೆಗಳ ಜಾಹೀರಾತುಗಳನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ನೋಡಿರುತ್ತೀರಿ. ಅವುಗಳ ಹತ್ತಿರ ದಯವಿಟ್ಟು ಸುಳಿಯಬೇಡಿ. ಕುಡಿತ ಬಿಡಿಸಲು ಬಳಸುವ, ಇಂಥ ಪುಡಿಗಳಲ್ಲೂ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ, ಹೃದ್ರೋಗವಿದ್ದವರ ಪ್ರಾಣವೇ ಹೋಗಬಹುದು. ಆದ್ದರಿಂದಲೇ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದ ಮೇಲಷ್ಟೇ ಕೊಡುತ್ತಾರೆ.

ನಮ್ಮಲ್ಲಿ ಸಿಗುವ ಸಭೆಗಳು

ಅತಿ ಹೆಚ್ಚು ಊರುಗಳಲ್ಲಿ ಸಿಗುವುದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ, ಕುಡಿತದಿಂದ ಬಹುತೇಕ ಎಲ್ಲವನ್ನೂ ಕಳೆದುಕೊಂಡಿದ್ದ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರಚಿಕಿತ್ಸಕ ಪರಸ್ಪರ ಮಾತನಾಡುತ್ತ ಕುಡಿಯದೆ ಉಳಿದದ್ದು ಇದರ ಆರಂಭ. ಭಾರತದಲ್ಲಿ ಇದರ ಸಭೆಗಳು 1957ರಲ್ಲಿ ಮುಂಬೈಯಲ್ಲಿ ಶುರುವಾದವು. ಇದಕ್ಕೆ ಸದಸ್ಯತ್ವ ಶುಲ್ಕವಿಲ್ಲ, ಅರ್ಜಿ ನಮೂನೆಯಿಲ್ಲ. ಸದಸ್ಯರಾಗಲು ಬೇಕಾದ ಏಕೈಕ ಅರ್ಹತೆ ಕುಡಿತ ನಿಲ್ಲಿಸಬೇಕೆಂಬ ಆಸೆ. ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲವೆಂಬ ನಿಯಮವನ್ನು ಇದು ತಾನೇ ಹಾಕಿಕೊಂಡಿದೆ, ಹೀಗಾಗಿ ಕೋಣೆಯ ಬಾಡಿಗೆ, ಚಹಾದ ಖರ್ಚುಗಳೆಲ್ಲ ಸಭೆಯಲ್ಲಿ ಕೈಯಿಂದ ಕೈಗೆ ಸಾಗುವ ಚೀಲಕ್ಕೆ ಸದಸ್ಯರು ಹಾಕುವ ಚಿಲ್ಲರೆಯಿಂದಲೇ ನಡೆಯುತ್ತವೆ.

ದಕ್ಷಿಣ ಕನ್ನಡ, ಉಡುಪಿಯಿಂದ ಹಿಡಿದು ರಾಜ್ಯದ ಬಹಳಷ್ಟು ಗ್ರಾಮೀಣ ಭಾಗಗಳಲ್ಲಿ ಇನ್ನೊಂದು ದಾರಿಯಿದೆ. ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯೂ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಸ್ಥಳೀಯರನ್ನು ಸೇರಿಸಿಕೊಂಡು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಊರಿನ ಕಲ್ಯಾಣ ಮಂಟಪದಲ್ಲೋ ಸಭಾಭವನದಲ್ಲೋ ಸುಮಾರು ಒಂದು ವಾರ ಶಿಬಿರಾರ್ಥಿಗಳು ಅಲ್ಲೇ ಉಳಿದು ಕುಡಿತ ಬಿಡುತ್ತಾರೆ. ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಶಿಬಿರದ ಸುದ್ದಿ, ಸಮಾರೋಪದ ಫೋಟೊ ಪತ್ರಿಕೆಗಳಲ್ಲಿ ಬರುವುದರಿಂದ ಶಿಬಿರವೇ ಎಲ್ಲವೂ ಎಂದು ಜನ ತಿಳಿಯುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಶಿಬಿರಕ್ಕಿಂತ ಆ ಸಮಿತಿಯ ಸಭೆಯೇ ಹೆಚ್ಚು ಬೆಲೆಯುಳ್ಳದ್ದು. ನಿಮ್ಮ ಊರಿನ ಸ್ವಸಹಾಯ ಸಂಘದ ಮಹಿಳೆಯರನ್ನು ಅಥವಾ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ಸಮಿತಿ ಎಲ್ಲಿ ಸೇರುತ್ತದೆ ಎಂಬುದು ತಿಳಿಯುತ್ತದೆ.

ಇವೆರಡರ ಜೊತೆಗೆ, ಚಿಕಿತ್ಸೆ ಪಡೆದು ಹೋದವರಿಗಾಗಿ ಕೆಲವು ಆಸ್ಪತ್ರೆಗಳೂ ವ್ಯಸನಮುಕ್ತಿ ಕೇಂದ್ರಗಳೂ ಗುಂಪು ಸಭೆಗಳನ್ನು ನಡೆಸುತ್ತವೆ. ದೇವರ ಮಾತೇ ಬೇಡವೆನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಪದ್ಧತಿಯ ಆನ್‌ಲೈನ್ ಸಭೆಗಳಿವೆ, ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ.

ಈ ಸಭೆಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯು 27 ಅಧ್ಯಯನಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ, ಎಎ ಸಭೆಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆಯು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬ ತೀರ್ಮಾನಕ್ಕೆ ಬಂದಿತು. ಹಾಗೆಂದು ಇದು ಔಷಧಕ್ಕೆ ಬದಲಿಯಲ್ಲ. ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ನುಂಗುತ್ತಲೇ ಸಭೆಗೆ ಹೋಗಬೇಕು. ಸಭೆಯಲ್ಲಿ ಯಾರಾದರೂ ಮಾತ್ರೆ ಬಿಡಿ ಎಂದರೆ ಆ ಸಲಹೆಯನ್ನು ಒಪ್ಪಬಾರದು.

ಹುಡುಕುವ ಬಗೆ

ಎಎಯ ಭಾರತದ ಜಾಲತಾಣದಲ್ಲಿ ಊರುವಾರು ಸಭೆಗಳ ವಿವರವೂ ಸಹಾಯವಾಣಿಯ ಸಂಖ್ಯೆಗಳೂ ಸಿಗುತ್ತವೆ. ಆದರೆ ಪಟ್ಟಿಯನ್ನು ನೋಡಿ ನೇರವಾಗಿ ಹೊರಟುಬಿಡಬೇಡಿ. ಸಭೆಗಳು ಬಾಡಿಗೆಯ ಅಥವಾ ಎರವಲು ಕೋಣೆಗಳಲ್ಲಿ ನಡೆಯುವುದರಿಂದ ಸ್ಥಳ, ಸಮಯ ಬದಲಾಗುತ್ತಿರುತ್ತವೆ, ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ಮೊದಲ ದಿನ ಧೈರ್ಯ ಮಾಡಿ ಹೋದವರು ಬೀಗ ಹಾಕಿದ ಬಾಗಿಲು ನೋಡಿ ಹಿಂದಿರುಗಿದರೆ ಎರಡನೆಯ ಸಲ ಹೋಗುವುದು ಬಹಳ ಕಷ್ಟ. ಆದ್ದರಿಂದ ಹಿಂದಿನ ದಿನ ಒಂದು ಕರೆ ಮಾಡಿ.

ಕರೆಯಲ್ಲಿ ಹೆಸರು ಹೇಳಲೇಬೇಕೆಂದಿಲ್ಲ. "ನಮಸ್ಕಾರ, ನಾನು ಕುಡಿತ ಬಿಡಬೇಕು ಅಂತಿದೀನಿ. ನಮ್ಮ ಏರಿಯಾದಲ್ಲಿ ಮೀಟಿಂಗ್ ಯಾವ ದಿನ, ಎಷ್ಟು ಗಂಟೆಗೆ? ಕನ್ನಡದಲ್ಲಿ ಮಾತಾಡ್ತಾರಾ? ಗೇಟಿನ ಹತ್ರ ಯಾರಾದ್ರೂ ಸಿಗ್ತಾರಾ?" ಎಂದಷ್ಟೇ ಕೇಳಿದರೆ ಸಾಕು. ಆ ತುದಿಯಲ್ಲಿ ಫೋನ್ ಎತ್ತುವವರೂ ಸಾಮಾನ್ಯವಾಗಿ ಕುಡಿತ ಬಿಟ್ಟ ಸದಸ್ಯರೇ ಆಗಿರುತ್ತಾರೆ. ಕೊನೆಯ ಪ್ರಶ್ನೆಯನ್ನು ಸಂಕೋಚಪಡದೆ ಕೇಳಿ. ಹೊಸಬರನ್ನು ಕಾದು ಒಳಗೆ ಕರೆದುಕೊಂಡು ಹೋಗುವುದನ್ನು ಅಲ್ಲಿಯವರು ತಮ್ಮ ಕರ್ತವ್ಯವೆಂದೇ ಭಾವಿಸುತ್ತಾರೆ.

ಫೋನ್ ಬೇಡವೆನಿಸಿದರೆ ನಿಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಬಹುದು. ಚರ್ಚ್‌ನ ಆವರಣ, ಶಾಲೆಯ ಕೊಠಡಿ, ಆಸ್ಪತ್ರೆಯ ಹಿಂಬದಿಯ ಕೋಣೆ, ಇಂಥ ಕಡೆಗಳಲ್ಲಿ ಸಭೆಗಳು ಹೆಚ್ಚಾಗಿ ನಡೆಯುತ್ತವೆ. ಚರ್ಚ್‌ನಲ್ಲಿ ನಡೆದ ಮಾತ್ರಕ್ಕೆ ಅದು ಚರ್ಚ್‌ನ ಕಾರ್ಯಕ್ರಮವಲ್ಲ, ಮತಾಂತರಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಅನುಮಾನದಿಂದಲೇ ಎಷ್ಟೋ ಮಂದಿ ಬಾಗಿಲಿನವರೆಗೆ ಬಂದು ಹಿಂದೆ ಸರಿಯುವುದರಿಂದ ಸ್ಪಷ್ಟವಾಗಿ ಹೇಳುತ್ತಿದ್ದೇನೆ: ಕೋಣೆ ಕಡಿಮೆ ಬಾಡಿಗೆಗೆ ಸಿಕ್ಕಿದೆ, ಅಷ್ಟೇ.

ಹತ್ತಿರದಲ್ಲಿ ಸಭೆಯೇ ಇಲ್ಲದ ತಾಲ್ಲೂಕುಗಳೂ ಇವೆ. ಅಲ್ಲಿನವರಿಗೂ ಹೊರದೇಶಗಳಲ್ಲಿರುವ ಕನ್ನಡಿಗರಿಗೂ ಆನ್‌ಲೈನ್ ಸಭೆಗಳು ದೊಡ್ಡ ಆಸರೆ. ಅವುಗಳಲ್ಲಿ ಕ್ಯಾಮೆರಾ ತೆರೆಯಬೇಕೆಂಬ ಒತ್ತಾಯ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಪರದೆಯ ಮೇಲೆ ಪೂರ್ಣ ಹೆಸರು, ಕಂಪನಿಯ ಹೆಸರು ಕಾಣದಂತೆ ಮೊದಲೇ ಬದಲಿಸಿಕೊಳ್ಳಿ. ತಿಂಗಳಿಗೆ ಒಂದೆರಡು ಸಲವಾದರೂ ಬಸ್ ಹತ್ತಿ ಜಿಲ್ಲಾ ಕೇಂದ್ರದ ಸಭೆಗೆ ಹೋಗಿಬರುವುದು ಒಳ್ಳೆಯದು. ಎಎ ಸಂಪ್ರದಾಯದ ಪ್ರಕಾರ ಕುಡಿಯದೆ ಇರಬೇಕೆಂಬ ಉದ್ದೇಶದಿಂದ ಇಬ್ಬರೋ ಮೂವರೋ ಸೇರಿದರೂ ಅದು ಒಂದು ಗುಂಪೇ ಆಗುತ್ತದೆ. ಹಾಗಾಗಿ ನಿಮ್ಮ ಊರಿನಲ್ಲಿ ಕುಡಿತ ಬಿಟ್ಟ ಇನ್ನೊಬ್ಬರು ಸಿಕ್ಕರೆ ಜಿಲ್ಲಾ ಕೇಂದ್ರದ ಗುಂಪಿನ ನೆರವಿನಿಂದ ಅಲ್ಲೇ ಸಭೆ ಆರಂಭಿಸಬಹುದು.

ಕುಡಿಯುವ ಹೊತ್ತಿನ ಸಭೆ

ಎರಡು ಮೂರು ಸಭೆಗಳ ಆಯ್ಕೆ ಇರುವಾಗ ಜನ ಮನೆಗೆ ಹತ್ತಿರದ್ದನ್ನು ಆರಿಸುತ್ತಾರೆ, ಅಥವಾ ಪರಿಚಯದವರು ಸಿಗಬಾರದೆಂದು ದೂರದ್ದನ್ನು ಆರಿಸುತ್ತಾರೆ. ನಾನು ಹೇಳುವುದು ಬೇರೆ: ನೀವು ದಿನಾಲೂ ಎಷ್ಟು ಗಂಟೆಗೆ ಮೊದಲ ಗ್ಲಾಸ್ ಎತ್ತುತ್ತಿದ್ದಿರಿ ಎಂಬುದನ್ನು ನೆನಪಿಸಿಕೊಂಡು, ಆ ಹೊತ್ತಿಗೆ ನಡೆಯುವ ಸಭೆಯನ್ನು ಆರಿಸಿ. ಕೆಲಸ ಬಿಟ್ಟು ಏಳು ಗಂಟೆಗೆ ಬಾರ್‌ಗೆ ಹೋಗುತ್ತಿದ್ದವರಿಗೆ ಭಾನುವಾರ ಬೆಳಗಿನ ಸಭೆಗಿಂತ ಏಳು ಗಂಟೆಯ ಸಭೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾರದ ಕೂಲಿ ಶನಿವಾರ ಕೈಗೆ ಬರುವವರಿಗೆ ಶನಿವಾರ ಸಂಜೆಯೇ ಗಂಡಾಂತರದ ಹೊತ್ತು; ಆ ದಿನದ ಸಭೆಯನ್ನು ಬಿಡಬಾರದು, ಮತ್ತು ಆಗುವುದಾದರೆ ಹಣವನ್ನು ಮೊದಲು ಮನೆಯಲ್ಲಿ ಕೊಟ್ಟು ಬರಬೇಕು. ಹೋಗುವ ದಾರಿಯೂ ಮುಖ್ಯ. ಪರಿಚಯದ ವೈನ್ಸ್, ಎಂಎಸ್‌ಐಎಲ್ ಅಂಗಡಿ ಅಥವಾ ಹಳೆಯ ಗೆಳೆಯರು ನಿಲ್ಲುವ ವೃತ್ತ ಸಿಗದಂಥ ರಸ್ತೆಯನ್ನು, ಎರಡು ಕಿಲೋಮೀಟರ್ ಸುತ್ತಾದರೂ, ಮೊದಲೇ ಗೊತ್ತುಮಾಡಿಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಕುಡಿಯುವ ಆಸೆ ಜೋರಾಗಿರುತ್ತದೆ, ಹಾಗಾಗಿ ಹೊರಡುವ ಮೊದಲು ಏನಾದರೂ ತಿಂದಿರಿ.

ಮೊದಲ ಸಂಜೆ

ಹತ್ತು ನಿಮಿಷ ಮುಂಚಿತವಾಗಿ ಹೋಗಿ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಕುಡಿಯದೆ ಉಳಿಯಲು ಎಎ ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳನ್ನು ಬರೆದು ಗೋಡೆಗೆ ತೂಗುಹಾಕಿದ ಬ್ಯಾನರ್, ಒಂದಿಷ್ಟು ಕರಪತ್ರಗಳು, ಇಷ್ಟೇ ಇರುತ್ತವೆ. ಆಟೊ ಚಾಲಕರು, ಬ್ಯಾಂಕ್ ನೌಕರರು, ಗಾರೆ ಕೆಲಸದವರು, ನಿವೃತ್ತ ಮೇಷ್ಟರು ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಸಭೆಗಳಲ್ಲಿ ಎರಡು ಬಗೆ: ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ ಮೀಸಲಾದ ಕ್ಲೋಸ್ಡ್ ಮೀಟಿಂಗ್, ಮನೆಯವರೂ ಆಸಕ್ತರೂ ಬರಬಹುದಾದ ಓಪನ್ ಮೀಟಿಂಗ್. ಒಬ್ಬರೇ ಹೋಗಲು ಅಳುಕಿದ್ದರೆ ಮೊದಲ ಸಲ ಓಪನ್ ಮೀಟಿಂಗ್‌ಗೆ ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು.

ಸಭೆ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಅಂದಿನ ಚೇರ್‌ಪರ್ಸನ್ ಸಂಸ್ಥೆಯ ಉದ್ದೇಶವನ್ನು ಓದುತ್ತಾರೆ, ಒಂದು ಕ್ಷಣ ಮೌನವಿರುತ್ತದೆ, ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ನೆಮ್ಮದಿಯನ್ನೂ ಬದಲಿಸಬಹುದಾದದ್ದನ್ನು ಬದಲಿಸುವ ಧೈರ್ಯವನ್ನೂ ಬೇಡುವ ಚಿಕ್ಕ ಪ್ರಾರ್ಥನೆಯೊಂದನ್ನು ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಎಂದು ಪರಿಚಯಿಸಿಕೊಂಡು ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಎನ್ನುತ್ತಾರೆ. ಕುಡಿದಾಗ ಏನಾಗಿತ್ತು, ಹೇಗೆ ನಿಲ್ಲಿಸಿದರು, ಈಗ ಹೇಗಿದ್ದಾರೆ ಎಂಬುದೇ ಅದರ ವಿಷಯ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಮುಗಿದ ಮೇಲೆ ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. ಮನೆಯಲ್ಲಿ, ಊರಿನಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಬರೀ ಉಪದೇಶವನ್ನೇ ಕೇಳಿ ದಣಿದವರಿಗೆ ಈ ನಿಯಮವೊಂದೇ ದೊಡ್ಡ ಬಿಡುಗಡೆ. ನಿಮ್ಮ ಸರದಿ ಬಂದಾಗ "ಇವತ್ತು ಕೇಳಿಸ್ಕೊಳ್ತೀನಿ" ಎಂದರೆ ಯಾರೂ ಬಲವಂತ ಮಾಡುವುದಿಲ್ಲ. ಚೀಲ ಹತ್ತಿರ ಬಂದಾಗ ಹೊಸಬರು ಹಣ ಹಾಕಬೇಕಾಗಿಲ್ಲ.

ಯಾರಾದರೂ ಗುರುತಿನವರು ಸಿಕ್ಕರೆ ಏನು ಗತಿ ಎಂಬ ಭಯ ಎಲ್ಲರಿಗೂ ಇರುತ್ತದೆ. ಅವರೂ ಅದೇ ಕಾರಣಕ್ಕೆ ಅಲ್ಲಿ ಬಂದಿದ್ದಾರೆ ಎಂಬುದನ್ನು ಮರೆಯಬೇಡಿ. ಅಲ್ಲಿ ಕಂಡವರ ಹೆಸರು, ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದೆಂಬುದು ಈ ಸಭೆಗಳ ಬುನಾದಿ. ನೀವೂ ಅದನ್ನು ಪಾಲಿಸಬೇಕು: ಸೆಲ್ಫಿ ಬೇಡ, ಧ್ವನಿಮುದ್ರಣ ಬೇಡ, ಬಸ್ಸಿನಲ್ಲಿ ಆ ಸದಸ್ಯರು ಎದುರಾದರೆ "ಮೀಟಿಂಗ್‌ನಲ್ಲಿ ಸಿಕ್ಕಿದ್ರಲ್ಲ" ಎನ್ನಬೇಡಿ.

ಸಭೆ ಮುಗಿದೊಡನೆ ಎದ್ದು ಓಡಬೇಡಿ. ಚಹಾ ಕುಡಿಯುವ ಆ ಹತ್ತು ನಿಮಿಷವನ್ನು ನಾನು ಸಭೆಯಷ್ಟೇ ಮುಖ್ಯವೆಂದು ಎಣಿಸುತ್ತೇನೆ, ಏಕೆಂದರೆ ಫೋನ್ ನಂಬರುಗಳು ಸಿಗುವುದು ಆಗಲೇ. ಕನಿಷ್ಠ ಇಬ್ಬರ ನಂಬರ್ ತೆಗೆದುಕೊಂಡು, ಮರುದಿನ ಕುಡಿಯುವ ಆಸೆ ಇರಲಿ ಬಿಡಲಿ, ಒಬ್ಬರಿಗೆ ಕರೆ ಮಾಡಿ. ಆಸೆ ಉಕ್ಕಿ ಬಂದ ಹೊತ್ತಿನಲ್ಲಿ ಅಪರಿಚಿತರಿಗೆ ಕರೆ ಮಾಡಲು ಕೈ ಬಾರದು. ಮೊದಲೇ ಒಮ್ಮೆ ಮಾತಾಡಿದ್ದರೆ ಆಗುತ್ತದೆ.

ಮೊದಲ ಮೂರು ತಿಂಗಳು

ಒಂದು ಸಭೆ ನೋಡಿ ಇದು ನನಗಲ್ಲ ಎಂದು ತೀರ್ಮಾನಿಸಬೇಡಿ. ಗುಂಪಿನಿಂದ ಗುಂಪಿಗೆ ಭಾಷೆ, ವಯಸ್ಸು, ಮಾತಿನ ಧಾಟಿ ಎಲ್ಲವೂ ಬೇರೆಯಾಗಿರುತ್ತದೆ, ಬೆಂಗಳೂರಿನಂಥ ಊರಿನಲ್ಲಂತೂ ಇಂಗ್ಲಿಷ್, ಕನ್ನಡ, ತಮಿಳು ಸಭೆಗಳು ಬೇರೆ ಬೇರೆ ನಡೆಯುತ್ತವೆ. ಐದಾರು ಸಭೆಗಳಿಗೆ ಹೋದ ಮೇಲೆ ಒಂದನ್ನು ನಿಮ್ಮ ಹೋಮ್ ಗ್ರೂಪ್, ಅಂದರೆ ಕಾಯಂ ಆಗಿ ಹೋಗುವ ಗುಂಪು, ಎಂದು ಗೊತ್ತುಮಾಡಿಕೊಳ್ಳಿ. ತೊಂಬತ್ತು ದಿನದಲ್ಲಿ ತೊಂಬತ್ತು ಸಭೆ ಎಂಬ ಮಾತು ಹಳಬರಲ್ಲಿ ಪ್ರಚಲಿತವಾಗಿದೆ. ದಿನಗೂಲಿಯವರಿಗೆ, ಹಳ್ಳಿಯವರಿಗೆ ಅದು ಸಾಧ್ಯವಾಗದ ಮಾತು. ವಾರಕ್ಕೆ ಎರಡು ಮೂರು ಸಭೆ, ಉಳಿದ ದಿನ ಒಂದೊಂದು ಫೋನ್ ಕರೆ ಎಂದು ಇಟ್ಟುಕೊಂಡರೆ ನಡೆಯುತ್ತದೆ.

ಇದೇ ಅವಧಿಯಲ್ಲಿ ಒಬ್ಬ ಸ್ಪಾನ್ಸರ್ ಅನ್ನು ಹುಡುಕಿಕೊಳ್ಳಬೇಕು. ಹಲವು ವರ್ಷಗಳಿಂದ ಕುಡಿಯದೆ ಇದ್ದು, ಹನ್ನೆರಡು ಹೆಜ್ಜೆಗಳಲ್ಲಿ ನಿಮ್ಮ ಜೊತೆ ನಡೆಯಲು ಒಪ್ಪುವ ಹಿರಿಯ ಸದಸ್ಯರು ಇವರು. ಮೊದಲ ಹೆಜ್ಜೆ ಮದ್ಯದ ಎದುರು ತನ್ನ ಬಲ ಸಾಲದೆಂದು ಒಪ್ಪಿಕೊಳ್ಳುವುದು. ಮುಂದಿನವುಗಳಲ್ಲಿ ತನ್ನ ನಡತೆಯ ಲೆಕ್ಕ ಬರೆಯುವುದು, ನೋವು ಕೊಟ್ಟವರ ಬಳಿ ಹೋಗಿ ಸರಿಪಡಿಸಿಕೊಳ್ಳುವುದು ಇವೆಲ್ಲ ಬರುತ್ತವೆ. ದೇವರು ಎಂಬ ಪದ ಬಂದಾಗ ಅದರ ಜೊತೆ "ನಾವು ತಿಳಿದಂತೆ" ಎಂಬ ಮಾತೂ ಇರುತ್ತದೆ, ಯಾವುದೇ ಧರ್ಮದವರೂ ಯಾವ ಧರ್ಮವನ್ನೂ ಒಪ್ಪದವರೂ ಅಲ್ಲಿದ್ದಾರೆ. ಸ್ಪಾನ್ಸರ್ ಹಣ ಕೇಳಬಾರದು, ಸಾಲ ಕೊಡುವ ತೆಗೆದುಕೊಳ್ಳುವ ವ್ಯವಹಾರಕ್ಕಂತೂ ಇಬ್ಬರೂ ಇಳಿಯಬಾರದು.

ಮದುವೆ, ಜಾತ್ರೆ, ಬೀಗರೂಟ, ಸಾವಿನ ಮನೆ, ಚುನಾವಣೆ, ಹೊಸ ವರ್ಷದ ರಾತ್ರಿ, ಇವು ನಮ್ಮಲ್ಲಿ ಕುಡಿಸುವ ಸಂದರ್ಭಗಳು. ಅಂಥ ದಿನದ ಹಿಂದಿನ ಸಂಜೆ ಒಂದು ಸಭೆ, ಮರುದಿನ ಒಂದು ಸಭೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಹೋಗಲೇಬೇಕಾದ ಬೀಗರೂಟಕ್ಕೆ ಮೊದಲ ಪಂಕ್ತಿಗೇ ಕುಳಿತು, ಊಟ ಮುಗಿಸಿ, ಗಂಡಸರ ಗುಂಪು ತೋಟದ ಕಡೆ ಹೊರಡುವ ಮೊದಲೇ ಮನೆಗೆ ಬರಬಹುದು.

ಹೆಂಗಸರಿಗೆ

ಕುಡಿಯುವ ಗಂಡಸನ್ನು ಸಹಿಸುವ ಸಮಾಜ ಕುಡಿಯುವ ಹೆಂಗಸನ್ನು ಸಹಿಸುವುದಿಲ್ಲ, ಆದ್ದರಿಂದ ಅವರು ಮುಚ್ಚಿಟ್ಟುಕೊಂಡೇ ನರಳುತ್ತಾರೆ. ಸಭೆಗೆ ಬಂದರೂ ಕೋಣೆಯಲ್ಲಿ ತಾವೊಬ್ಬರೇ ಹೆಂಗಸಾಗಿರುವುದು ಅಪರೂಪವಲ್ಲ. ಸಹಾಯವಾಣಿಗೆ ಕರೆ ಮಾಡುವಾಗಲೇ ಮಹಿಳಾ ಸದಸ್ಯರ ಜೊತೆ ಮಾತಾಡಬೇಕೆಂದು ಕೇಳಿ, ಮಹಿಳೆಯರ ಪ್ರತ್ಯೇಕ ಸಭೆ ಇದೆಯೇ ಎಂದು ವಿಚಾರಿಸಿ. ನಗರಗಳಲ್ಲೂ ಆನ್‌ಲೈನ್‌ನಲ್ಲೂ ಅವು ಸಿಗುತ್ತವೆ. ಸ್ಪಾನ್ಸರ್ ಹೆಂಗಸೇ ಆಗಿರಲಿ. ಮೊದಲ ದಿನಗಳ ಬಲಹೀನತೆಯನ್ನು ಬಳಸಿಕೊಂಡು ಸಲುಗೆ ಬೆಳೆಸಲು ನೋಡುವವರು ಎಲ್ಲ ಕಡೆಯಂತೆ ಇಲ್ಲಿಯೂ ಇರಬಹುದು. ಅಂಥದ್ದು ಕಂಡರೆ ಗುಂಪಿನ ಹಿರಿಯರಿಗೆ ತಿಳಿಸಿ, ಗುಂಪನ್ನು ಬದಲಿಸಿ, ಆದರೆ ಸಭೆಯನ್ನು ಬಿಡಬೇಡಿ.

ಮನೆಯವರಿಗೆ

ಕುಡಿಯುವವರ ಹೆಂಡತಿ, ತಾಯಿ, ಗಂಡ, ಮಕ್ಕಳಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ, ಹದಿಹರೆಯದವರಿಗೆ ಅಲಾಟೀನ್ ಇದೆ. ಮನೆಯಲ್ಲಿ ಕುಡಿಯುವವರು ಬಿಡಲು ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು. ಅವರು ಸಭೆಗೆ ಹೋಗತೊಡಗಿದ್ದರೆ, ಸಂಜೆ ಮನೆಗೆ ಬಂದೊಡನೆ ಬಾಯಿ ಮೂಸಿ ನೋಡುವುದು, "ಇವತ್ತು ಅಲ್ಲಿ ಏನು ಹೇಳಿದ್ರಿ" ಎಂದು ಕೆದಕುವುದು ಬೇಡ. ಸಭೆಯ ಹೊತ್ತಿಗೆ ಮನೆಯ ಬೇರೆ ಕೆಲಸ ಹಚ್ಚದಿರುವುದು ನೀವು ಮಾಡಬಹುದಾದ ದೊಡ್ಡ ಸಹಾಯ.

ಮತ್ತೆ ಕುಡಿದುಬಿಟ್ಟರೆ

ಬಹಳ ಮಂದಿಗೆ ಹೀಗಾಗುತ್ತದೆ. ಕುಡಿದವರು ಮೊದಲು ಮಾಡುವುದು ಸಭೆಯವರಿಗೆ ಮುಖ ತೋರಿಸದೆ ಇರುವುದು, ಅಲ್ಲಿಂದ ಮುಂದೆ ಒಂದು ದಿನದ ಕುಡಿತ ಆರು ತಿಂಗಳ ಕುಡಿತವಾಗುತ್ತದೆ. ಆದ್ದರಿಂದ ಅದೇ ರಾತ್ರಿ, ನಾಚಿಕೆ ಎಷ್ಟೇ ಇರಲಿ, ಸ್ಪಾನ್ಸರ್‌ಗೆ "ಕುಡಿದುಬಿಟ್ಟೆ" ಎಂದು ಒಂದು ಮಾತು ತಿಳಿಸಿ, ಮುಂದಿನ ಸಭೆಗೇ ಹೋಗಿ. ಕುಡಿದ ಸ್ಥಿತಿಯಲ್ಲಿ ಬಂದವರನ್ನೂ, ಗಲಾಟೆ ಮಾಡದಿದ್ದರೆ, ಸಾಮಾನ್ಯವಾಗಿ ಕೂರಿಸಿಕೊಳ್ಳುತ್ತಾರೆ. ಅಂದು ಮಾತಾಡದೆ ಕೇಳಿಸಿಕೊಳ್ಳಿ ಎನ್ನುತ್ತಾರೆ. ನಿಮ್ಮ ಕುಡಿಯದ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ, ಕಲಿತದ್ದು ಮಾತ್ರ ಅಳಿಸಿಹೋಗುವುದಿಲ್ಲ. ಹಲವು ದಿನ ಸತತವಾಗಿ ಕುಡಿದಿದ್ದರೆ ಸಭೆಯ ಜೊತೆಗೆ ವೈದ್ಯರನ್ನೂ ಮತ್ತೆ ಕಾಣಬೇಕು. ಬಿಡುವುದು, ಮತ್ತೆ ಹಿಡಿಯುವುದು ಪದೇ ಪದೇ ಆದಂತೆ ಪ್ರತಿ ಸಲ ಬಿಟ್ಟಾಗಲೂ ನಡುಕ, ಫಿಟ್ಸ್ ಹಿಂದಿನದಕ್ಕಿಂತ ತೀವ್ರವಾಗುವ ಸಂಭವವಿದೆ. ಕಳೆದ ಸಲ ಮನೆಯಲ್ಲೇ ಸುಧಾರಿಸಿಕೊಂಡೆ ಎಂಬ ಧೈರ್ಯದ ಮೇಲೆ ಈ ಸಲ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಬಾರದು.